ಗೆಂಡೆ ಮೀನಿನ ಆಹಾರಕ್ಕೆ ಖನಿಜ: ಯಾವುದು, ಎಷ್ಟು, ಹೇಗೆ?

ಮೀನು ಹಿಡಿಸುವ ದಿನ ತೂಕವೇನೋ ಚೆನ್ನಾಗಿಯೇ ಬರುತ್ತದೆ. ಹೊಟ್ಟೆ ಸೀಳಿದಾಗ ಮಾತ್ರ ನಿಜ ಗೊತ್ತಾಗುತ್ತದೆ. ಕರುಳಿನ ಸುತ್ತ ಬಿಳಿ ಕೊಬ್ಬು ಮೆತ್ತಿಕೊಂಡಿರುತ್ತದೆ, ಒಂದು ಕೆಜಿ ಮೀನಿನಲ್ಲಿ ಬಾಣಲೆಗೆ ಹೋಗುವ ಪಾಲು ಕಡಿಮೆ. ತೌಡು ಜಾಸ್ತಿ ಹಾಕಿದ್ದೇ ಕಾರಣ ಎಂದು ಎಲ್ಲರೂ ಹೇಳುತ್ತಾರೆ. ಅದು ಸರಿಯೇ. ಆದರೆ ಇನ್ನೊಂದು ಕಾರಣ ಬಹಳ ಜನಕ್ಕೆ ಹೊಳೆಯುವುದಿಲ್ಲ. ಅದು ಆಹಾರದಲ್ಲಿ ರಂಜಕ, ಅಂದರೆ ಫಾಸ್ಫರಸ್, ಸಾಲದೇ ಹೋಗುವುದು. ರಂಜಕ ಕಡಿಮೆಯಾದರೆ ಗೆಂಡೆ ಮೀನಿಗೆ ಕೊಬ್ಬನ್ನು ಸುಟ್ಟು ಶಕ್ತಿ ಮಾಡಿಕೊಳ್ಳುವುದು ಕಷ್ಟ. ತಿಂದದ್ದು ಮೈಯಲ್ಲಿ ಕೊಬ್ಬಾಗಿ ಕೂರುತ್ತದೆ. ಮೂಳೆ ಮೆದುವಾಗುತ್ತದೆ, ಬೆಳವಣಿಗೆ ನಿಧಾನವಾಗುತ್ತದೆ.

ಅಂಗಡಿಯಲ್ಲಿ ಸಿಗುವ ಖನಿಜ ಮಿಶ್ರಣದ ಚೀಲದ ಮೇಲೆ ಹದಿನೈದು ಹೆಸರು ಇರುತ್ತವೆ. ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ, ಹುಲ್ಲುಗೆಂಡೆ ಸಾಕುವವರು ಮೊದಲು ನೋಡಬೇಕಾದದ್ದು ಒಂದೇ ಒಂದು: ರಂಜಕ ಯಾವ ರೂಪದಲ್ಲಿದೆ? ಉಳಿದದ್ದೆಲ್ಲ ಆಮೇಲೆ.

ಮೊದಲು ಕೇಳಿಕೊಳ್ಳಿ: ನಿಮ್ಮ ಹೊಂಡಕ್ಕೆ ಇದು ಬೇಕಾ?

ಎಲ್ಲರಿಗೂ ಬೇಕಾಗಿಲ್ಲ. ದೊಡ್ಡ ಕೆರೆಗೆ ಮರಿ ಬಿಟ್ಟು, ಗೊಬ್ಬರ ಹಾಕಿ, ಮೇಲೆ ಸ್ವಲ್ಪ ತೌಡು ಕೊಡುವವರು ಖನಿಜಕ್ಕೆ ದುಡ್ಡು ಹಾಕಬೇಡಿ. ಅಲ್ಲಿ ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳು (ಪ್ಲವಕ), ಕೆಸರಿನ ಹುಳುಗಳೇ ಮೀನಿನ ಮುಖ್ಯ ಊಟ. ಅದರಲ್ಲಿ ಖನಿಜ ಬೇಕಾದಷ್ಟಿದೆ.

ಕಂಪನಿಯ ತೇಲುವ ಗುಳಿಗೆ ಆಹಾರವನ್ನೇ ಪೂರ್ತಿ ಕೊಡುವವರಿಗೂ ಬೇಡ. ಒಳ್ಳೆಯ ಗುಳಿಗೆಯಲ್ಲಿ ಖನಿಜ, ವಿಟಮಿನ್ ಎರಡನ್ನೂ ಸೇರಿಸಿಯೇ ಇರುತ್ತಾರೆ. ಅದರ ಮೇಲೆ ಇನ್ನೊಂದು ಪುಡಿ ಸವರುವುದು ಹೊಂಡಕ್ಕೆ ದುಡ್ಡು ಸುರಿದ ಹಾಗೆ.

ಹಾಗಾದರೆ ಯಾರಿಗೆ ಬೇಕು? ತೌಡು, ಶೇಂಗಾ ಹಿಂಡಿ ನೆಚ್ಚಿಕೊಂಡು ಮೀನು ದಟ್ಟವಾಗಿ ಸಾಕುವವರಿಗೆ. ಅದರಲ್ಲೂ ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿ ಹೊಂಡದವರಿಗೆ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಬಯಲುಸೀಮೆಯಲ್ಲಿ ಇಂಥ ಹೊಂಡಗಳು ತುಂಬಾ ಆದವು. ನೀರು ನಿಲ್ಲುತ್ತದೆ, ಸರಿ. ಆದರೆ ಮೀನಿಗೂ ಮಣ್ಣಿಗೂ ನಡುವೆ ಹಾಳೆ ಬಂದುಬಿಟ್ಟಿತು. ಮೃಗಾಲ್, ಸಾಮಾನ್ಯ ಗೆಂಡೆ ತಳ ಕೆದಕಿ ತಿನ್ನುವ ಮೀನುಗಳು. ಹಾಳೆಯ ಮೇಲೆ ಅವಕ್ಕೆ ಕೆದಕಲು ಏನಿದೆ ಹೇಳಿ? ನೀವು ಕೊಟ್ಟದ್ದೇ ಊಟ.

ಇನ್ನೊಂದು ಮಾತು. ಬೂಷ್ಟು ಹಿಡಿದ ಶೇಂಗಾ ಹಿಂಡಿ, ಮುಗ್ಗಲು ವಾಸನೆಯ ತೌಡು ಬಳಸುತ್ತಿದ್ದರೆ ಖನಿಜದ ಯೋಚನೆ ಪಕ್ಕಕ್ಕಿಡಿ. ಹಿಂಡಿಯ ಬೂಷ್ಟಿನ ವಿಷ ಮೀನಿನ ಪಿತ್ತಜನಕಾಂಗವನ್ನೇ ಕೆಡಿಸುತ್ತದೆ. ಅದನ್ನು ಯಾವ ಪುಡಿಯೂ ಸರಿಮಾಡುವುದಿಲ್ಲ.

ನೀರು ಏನು ಕೊಡುತ್ತದೆ, ಏನು ಕೊಡುವುದಿಲ್ಲ

ಮೀನು ಹಸುವಿನ ಹಾಗಲ್ಲ. ಅದು ಸುಣ್ಣದಂಶವನ್ನು, ಅಂದರೆ ಕ್ಯಾಲ್ಸಿಯಂ ಅನ್ನು, ಕಿವಿರಿನ ಮೂಲಕ ನೀರಿನಿಂದಲೇ ಹೀರಿಕೊಳ್ಳುತ್ತದೆ. ರಂಜಕ ಹಾಗೆ ಸಿಗುವುದಿಲ್ಲ. ನೀರಿನಲ್ಲಿ ಅದು ತೀರಾ ಕಡಿಮೆ, ಹಾಗಾಗಿ ಆಹಾರದಿಂದಲೇ ಬರಬೇಕು.

ಆದ್ದರಿಂದ ಎರಡನೇ ಕೆಲಸ ನೀರಿನ ಗಡಸುತನ ನೋಡುವುದು. ಪರೀಕ್ಷಾ ಕಿಟ್ ಅಂಗಡಿಯಲ್ಲೇ ಸಿಗುತ್ತದೆ. ಕೋಲಾರ, ಚಿಕ್ಕಬಳ್ಳಾಪುರ, ಚಿತ್ರದುರ್ಗ ಕಡೆಯ ಬೋರ್‌ವೆಲ್ ನೀರು ಸಾಮಾನ್ಯವಾಗಿ ಗಡಸು. ಅಲ್ಲಿ ಆಹಾರಕ್ಕೆ ಸುಣ್ಣ, ಚಿಪ್ಪಿನ ಪುಡಿ, ಮೊಟ್ಟೆ ಓಡು ಬೆರೆಸುವುದು ವ್ಯರ್ಥ. ವ್ಯರ್ಥ ಮಾತ್ರವಲ್ಲ, ಅಪಾಯವೂ ಹೌದು. ಸುಣ್ಣದಂಶ ಹೆಚ್ಚಾದಷ್ಟೂ ಮೀನಿಗೆ ಸತು ಸಿಗುವುದು ಕಡಿಮೆ. ಮಲೆನಾಡು, ಕರಾವಳಿಯ ಜಂಬಿಟ್ಟಿಗೆ ಮಣ್ಣಿನ ನೀರು ಮೆದು, ಸ್ವಲ್ಪ ಹುಳಿ. ಗಡಸುತನ ಲೀಟರಿಗೆ 50 ಮಿಲಿಗ್ರಾಂಗಿಂತ ಕೆಳಗಿದ್ದರೆ ಹೊಂಡಕ್ಕೆ ಕೃಷಿ ಸುಣ್ಣ ಹಾಕಿ. ಗಮನಿಸಿ, ಹೊಂಡಕ್ಕೆ, ಆಹಾರಕ್ಕಲ್ಲ.

ಸೀಗಡಿ ಸಾಕುವವರು ನೀರಿಗೆ ಎರಚುವ ಪೊಟ್ಯಾಷಿಯಂ, ಮೆಗ್ನೀಷಿಯಂ ಚೀಲಗಳನ್ನು ಕೆಲವರು ಗೆಂಡೆ ಹೊಂಡಕ್ಕೂ ಮಾರುತ್ತಾರೆ. ಅದು ಕಡಿಮೆ ಉಪ್ಪಿನ ನೀರಿನಲ್ಲಿ ಸೀಗಡಿ ಬದುಕಬೇಕು ಎಂದು ಮಾಡಿದ ಸರಕು. ಸಿಹಿನೀರಿನ ಗೆಂಡೆಗೆ ಬೇಡ. ತೌಡಿನಲ್ಲೇ ಮೆಗ್ನೀಷಿಯಂ ಧಾರಾಳವಾಗಿದೆ.

ರಂಜಕ: ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ

ಗೆಂಡೆ ಜಾತಿಯ ಮೀನುಗಳಿಗೆ ಜಠರವೇ ಇಲ್ಲ. ಗಂಟಲಿನಿಂದ ಊಟ ನೇರವಾಗಿ ಕರುಳಿಗೆ ಹೋಗುತ್ತದೆ. ಜಠರ ಇಲ್ಲ ಅಂದರೆ ಆಮ್ಲವೂ ಇಲ್ಲ. ಮೂಳೆ ಪುಡಿಯನ್ನು ಕರಗಿಸಲು ಆಮ್ಲ ಬೇಕು. ಹಾಗಾಗಿ ಮೂಳೆ ಪುಡಿ, ಟ್ರೈ ಕ್ಯಾಲ್ಸಿಯಂ ಫಾಸ್ಫೇಟ್ ಇವೆಲ್ಲ ಗೆಂಡೆಯ ಹೊಟ್ಟೆ ಹೊಕ್ಕು ಬಹುಪಾಲು ಹಾಗೇ ಹೊರಗೆ ಬರುತ್ತವೆ.

ಸಾಮಾನ್ಯ ಗೆಂಡೆಯ ಮೇಲೆ ನಡೆದ ಪ್ರಯೋಗಗಳಲ್ಲಿ ಸಿಕ್ಕ ಲೆಕ್ಕ ಹೀಗಿದೆ. ಮೊನೋ ಕ್ಯಾಲ್ಸಿಯಂ ಫಾಸ್ಫೇಟ್‌ನ (ಎಂಸಿಪಿ) ರಂಜಕದಲ್ಲಿ ಸುಮಾರು 94% ಮೀನಿಗೆ ದಕ್ಕುತ್ತದೆ. ಡೈ ಕ್ಯಾಲ್ಸಿಯಂ ಫಾಸ್ಫೇಟ್‌ನಲ್ಲಿ (ಡಿಸಿಪಿ) ಸುಮಾರು 46%. ಟ್ರೈ ಕ್ಯಾಲ್ಸಿಯಂ ಫಾಸ್ಫೇಟ್‌ನಲ್ಲಿ ಬರೀ 13% ಆಸುಪಾಸು. ತಿಲಾಪಿಯಾ, ಪಂಗಾಸಿಯಸ್ ಮೀನುಗಳಿಗೆ ಜಠರವಿದೆ, ಅವು ಡಿಸಿಪಿಯನ್ನು ಇದಕ್ಕಿಂತ ಚೆನ್ನಾಗಿ ಬಳಸಿಕೊಳ್ಳುತ್ತವೆ. ಅವನ್ನು ಸಾಕುವವರಿಗೆ ಆಗಿಬಂದದ್ದು ನಿಮಗೂ ಆಗಿಬರಬೇಕೆಂದಿಲ್ಲ.

ಬೆಲೆ ಹೋಲಿಸುವಾಗ ಚೀಲದ ಬೆಲೆ ನೋಡಬೇಡಿ, ದಕ್ಕುವ ರಂಜಕದ ಬೆಲೆ ನೋಡಿ. ಎಂಸಿಪಿಯಲ್ಲಿ ಸುಮಾರು 22% ರಂಜಕ. ಒಂದು ಕೆಜಿಯಲ್ಲಿ 220 ಗ್ರಾಂ, ಅದರಲ್ಲಿ ದಕ್ಕುವುದು 205 ಗ್ರಾಂ. ಡಿಸಿಪಿಯಲ್ಲಿ ಸುಮಾರು 18%. ಒಂದು ಕೆಜಿಯಲ್ಲಿ 180 ಗ್ರಾಂ, ದಕ್ಕುವುದು 83 ಗ್ರಾಂ. ಅಂದರೆ ಎಂಸಿಪಿ ಬೆಲೆ ಎರಡು ಪಟ್ಟಿದ್ದರೂ ಗೆಂಡೆ ಸಾಕುವವನಿಗೆ ಅದೇ ಅಗ್ಗ. ಡಿಸಿಪಿಯಲ್ಲಿ ದಕ್ಕದೆ ಉಳಿದ ರಂಜಕ ಎಲ್ಲಿಗೆ ಹೋಗುತ್ತದೆ? ಹೊಂಡದ ತಳಕ್ಕೆ.

ತೌಡಿನಲ್ಲೇ ರಂಜಕ ಇದೆಯಲ್ಲ ಎಂದು ಕೇಳಬಹುದು. ಇದೆ, ಬೇಕಾದಷ್ಟಿದೆ. ಆದರೆ ಅದರಲ್ಲಿ ಮೂರನೇ ಎರಡು ಪಾಲಿಗೂ ಹೆಚ್ಚು ಫೈಟೇಟ್ ಎಂಬ ಸಂಯುಕ್ತದ ರೂಪದಲ್ಲಿ ಬೀಗ ಹಾಕಿಕೊಂಡು ಕೂತಿದೆ. ಮೀನಿನ ಕರುಳಿನಲ್ಲಿ ಆ ಬೀಗದ ಕೀಲಿ ಇಲ್ಲ. ಅಷ್ಟೇ ಅಲ್ಲ, ಫೈಟೇಟ್ ಸತುವನ್ನೂ ಹಿಡಿದಿಟ್ಟುಕೊಳ್ಳುತ್ತದೆ.

ಈಗ 100 ಕೆಜಿ ಆಹಾರದ ಲೆಕ್ಕ ಹಾಕೋಣ. ಎಣ್ಣೆ ತೆಗೆದ ಅಕ್ಕಿ ತೌಡು 50 ಕೆಜಿ, ಶೇಂಗಾ ಹಿಂಡಿ 40 ಕೆಜಿ, ರಾಗಿ ಅಥವಾ ಮೆಕ್ಕೆಜೋಳದ ಹಿಟ್ಟು 10 ಕೆಜಿ. ಪ್ರೋಟೀನ್ ಸುಮಾರು 25% ಬರುತ್ತದೆ, ಬೆಳೆಯುವ ಮೀನಿಗೆ ಸಾಕು. ತೌಡಿನಲ್ಲಿ ಸುಮಾರು 1.5% ರಂಜಕ ಅಂದರೆ 750 ಗ್ರಾಂ. ಹಿಂಡಿಯಲ್ಲಿ 0.6% ಅಂದರೆ 240 ಗ್ರಾಂ. ಒಟ್ಟು ಒಂದು ಕೆಜಿ ಎಂದುಕೊಳ್ಳಿ. ಅದರಲ್ಲಿ ಮೀನಿಗೆ ದಕ್ಕುವುದು ಹೆಚ್ಚೆಂದರೆ 330 ಗ್ರಾಂ. ಗೆಂಡೆಗೆ ಬೇಕಾದದ್ದು ಆಹಾರದ 0.6ರಿಂದ 0.7%, ಅಂದರೆ 600ರಿಂದ 700 ಗ್ರಾಂ. ಕೊರತೆ ಸುಮಾರು 300 ಗ್ರಾಂ. ಒಂದೂವರೆ ಕೆಜಿ ಎಂಸಿಪಿ ಹಾಕಿದರೆ 310 ಗ್ರಾಂ ಸಿಗುತ್ತದೆ. ಅಲ್ಲಿಗೆ ಲೆಕ್ಕ ಸರಿಹೋಯಿತು.

ಇದು ಹಾಳೆ ಹಾಸಿದ ಹೊಂಡದ ಲೆಕ್ಕ. ಮಣ್ಣಿನ ಹೊಂಡದಲ್ಲಿ ನೀರು ಹದವಾಗಿ ಹಸಿರಿದ್ದರೆ ಒಂದು ಕೆಜಿ ಸಾಕು. ನಿಮ್ಮ ಮಿಶ್ರಣ ಬೇರೆಯಾಗಿದ್ದರೆ ಇದೇ ದಾರಿಯಲ್ಲಿ ನೀವೇ ಲೆಕ್ಕ ಹಾಕಿಕೊಳ್ಳಿ.

ದಯವಿಟ್ಟು ಹೊಲದ ಗೊಬ್ಬರದ ಸೂಪರ್ ಫಾಸ್ಫೇಟ್, ಡಿಎಪಿ, ಶಿಲಾ ರಂಜಕವನ್ನು ಆಹಾರಕ್ಕೆ ಬೆರೆಸಬೇಡಿ. ಅದರಲ್ಲಿ ಫ್ಲೋರಿನ್, ಭಾರ ಲೋಹಗಳು ಇರುತ್ತವೆ. ಪಶು ಆಹಾರಕ್ಕೆಂದೇ ತಯಾರಿಸಿದ, ಚೀಲದ ಮೇಲೆ ಹಾಗೆಂದು ಬರೆದ ಎಂಸಿಪಿ ಮಾತ್ರ ತನ್ನಿ.

ಉಪ್ಪು, ಸತು ಮತ್ತು ಉಳಿದ ಚಿಲ್ಲರೆ

ಅಡುಗೆ ಉಪ್ಪನ್ನು ಕಡೆಗಣಿಸಬೇಡಿ. ಸಿಹಿನೀರಿನ ಮೀನು ಕಿವಿರಿನಿಂದ ಸದಾ ಉಪ್ಪು ಕಳೆದುಕೊಳ್ಳುತ್ತಿರುತ್ತದೆ, ಅದನ್ನು ಮತ್ತೆ ಒಳಗೆ ಎಳೆದುಕೊಳ್ಳಲು ಶಕ್ತಿ ಖರ್ಚು ಮಾಡುತ್ತದೆ. ಗೆಂಡೆ ಮೀನುಗಳ ಆಹಾರಕ್ಕೆ ಉಪ್ಪು ಸೇರಿಸಿ ನೋಡುವ ಪ್ರಯೋಗಗಳು ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲೇ ನಡೆದಿವೆ. 100 ಕೆಜಿ ಆಹಾರಕ್ಕೆ 1 ಕೆಜಿ ಉಪ್ಪು ಹಾಕಿ. ಖರ್ಚು ಲೆಕ್ಕಕ್ಕೇ ಬರುವುದಿಲ್ಲ. ಬೋರ್‌ವೆಲ್ ನೀರೇ ಉಪ್ಪಾಗಿದ್ದರೆ ಬಿಟ್ಟುಬಿಡಿ.

ಸತು, ತಾಮ್ರ, ಮ್ಯಾಂಗನೀಸ್, ಸೆಲೆನಿಯಂ, ಅಯೋಡಿನ್ ಬೇಕಾಗುವುದು ತೀರಾ ಚೂರು. ಒಂದು ಕೆಜಿ ಆಹಾರಕ್ಕೆ ಸತು 30 ಮಿಲಿಗ್ರಾಂ, ಮ್ಯಾಂಗನೀಸ್ 13, ತಾಮ್ರ ಬರೀ 3 ಮಿಲಿಗ್ರಾಂ. 100 ಕೆಜಿಗೆ ಸತು ಮೂರು ಗ್ರಾಂ ಆಯಿತು. ಸೆಲೆನಿಯಂ ಇನ್ನೂ ಕಡಿಮೆ, ಅದು ಜಾಸ್ತಿಯಾದರೆ ವಿಷ. ತಾಮ್ರವೂ ಅಷ್ಟೇ. ಮೆದು ನೀರಿನಲ್ಲಿ ಮೈಲುತುತ್ತ ಸ್ವಲ್ಪ ಹೆಚ್ಚಾದರೂ ಮೀನು ಸಾಯುತ್ತದೆ. ಇವನ್ನೆಲ್ಲ ಮನೆಯಲ್ಲಿ ತಕ್ಕಡಿ ಹಿಡಿದು ಬಿಡಿಬಿಡಿಯಾಗಿ ತೂಗುವ ಸಾಹಸ ಬೇಡ. ಮೀನಿಗೆಂದು ತಯಾರಿಸಿದ ಲಘು ಖನಿಜ ಮಿಶ್ರಣ ತಂದು ಚೀಲದ ಮೇಲೆ ಹೇಳಿದಷ್ಟೇ ಹಾಕಿ.

ಮಿಶ್ರಣ ಕೊಳ್ಳುವಾಗ ಹೆಸರುಗಳ ಉದ್ದ ಪಟ್ಟಿ ನೋಡಿ ಮರುಳಾಗಬೇಡಿ. ಸತು ಎಷ್ಟು ಎಂಬ ಅಂಕಿ ಇದೆಯಾ? ರಂಜಕ ಇದ್ದರೆ ಯಾವ ರೂಪದ್ದು ಎಂದು ಬರೆದಿದ್ದಾರಾ? ತಯಾರಾದ ತಿಂಗಳು ಇದೆಯಾ? ಅಂಕಿಯೇ ಇಲ್ಲದ ಚೀಲ ಎಷ್ಟೇ ಹೊಳೆಯುತ್ತಿದ್ದರೂ ವಾಪಸ್ ಇಡಿ. ಅಮೈನೋ ಆಮ್ಲದ ಜೊತೆ ಬೆಸೆದ ಸತು ದುಬಾರಿ. ಫೈಟೇಟ್ ಜಾಸ್ತಿ ಇರುವ ಆಹಾರದಲ್ಲೂ ಅದು ಮೀನಿಗೆ ಸಿಗುತ್ತದೆ ಎಂಬುದು ಅದರ ಗುಣ. ನನ್ನ ಕೇಳಿದರೆ ಮರಿ ಸಾಕುವವರಿಗೆ ಅದು ಪರವಾಗಿಲ್ಲ, ಮಾರುಕಟ್ಟೆ ಗಾತ್ರದ ಮೀನು ಬೆಳೆಸುವವರಿಗೆ ಬೇಕಿಲ್ಲ.

ಹಸುವಿನ ಖನಿಜ ಮಿಶ್ರಣ ಮನೆಯಲ್ಲಿದೆ, ಅದನ್ನೇ ಹಾಕಬಹುದಾ? ಈ ಪ್ರಶ್ನೆ ಎಲ್ಲ ಕಡೆ ಬರುತ್ತದೆ. ಹಸುವಿನ ಮಿಶ್ರಣದಲ್ಲಿ ಕ್ಯಾಲ್ಸಿಯಂ 20% ಆಸುಪಾಸು, ರಂಜಕ 12% ಆಸುಪಾಸು ಇರುತ್ತದೆ. ರಂಜಕ ಹೆಚ್ಚಾಗಿ ಡಿಸಿಪಿ ರೂಪದ್ದು. ಹಸು ಹಾಲಿನಲ್ಲಿ ಕ್ಯಾಲ್ಸಿಯಂ ಕಳೆದುಕೊಳ್ಳುತ್ತದೆ, ಅದಕ್ಕೆ ಬೇಕು. ನೀರಿನಿಂದಲೇ ಕ್ಯಾಲ್ಸಿಯಂ ಹೀರುವ ಮೀನಿಗೆ ಅದು ಭಾರ. ಬೇರೆ ಏನೂ ಸಿಗದಿದ್ದರೆ ಏನೂ ಇಲ್ಲದ್ದಕ್ಕಿಂತ ವಾಸಿ, ಅಷ್ಟೇ.

ತೌಡಿನ ರಂಜಕವನ್ನೇ ಬಿಡಿಸಿಕೊಳ್ಳುವ ದಾರಿ

ಫೈಟೇಸ್ ಎಂಬ ಕಿಣ್ವ ಫೈಟೇಟನ್ನು ಒಡೆಯುತ್ತದೆ. ಕೋಳಿ ಆಹಾರದಲ್ಲಿ ಇದು ಮಾಮೂಲಿ. ಮೀನಿನಲ್ಲಿ ಎರಡು ತೊಡಕು. ಈ ಕಿಣ್ವಕ್ಕೆ ಸ್ವಲ್ಪ ಹುಳಿ ಬೇಕು, ಗೆಂಡೆಯ ಕರುಳು ಹುಳಿಯಲ್ಲ. ಹಾಗೆಯೇ ಗುಳಿಗೆ ಮಾಡುವ ಬಿಸಿಗೆ ಕಿಣ್ವ ಸತ್ತುಹೋಗುತ್ತದೆ. ಮುಂಬೈಯ ಕೇಂದ್ರೀಯ ಮೀನುಗಾರಿಕೆ ಶಿಕ್ಷಣ ಸಂಸ್ಥೆಯಲ್ಲಿ ರೋಹು ಮರಿಗಳಿಗೆ ಫೈಟೇಸ್ ಜೊತೆ ಸಿಟ್ರಿಕ್ ಆಮ್ಲ, ಅಂದರೆ ನಿಂಬೆ ಉಪ್ಪು, ಸೇರಿಸಿ ಕೊಟ್ಟು ನೋಡಿದ್ದಾರೆ. ಎರಡೂ ಜೊತೆಗಿದ್ದಾಗ ಖನಿಜ ಚೆನ್ನಾಗಿ ದಕ್ಕಿತು.

ಸಣ್ಣ ರೈತರಿಗೆ ಅಗ್ಗದ ಉಪಾಯ ಒಂದಿದೆ. ಗೋಧಿ ಬೂಸಾದಲ್ಲಿ ಫೈಟೇಸ್ ತಾನಾಗಿಯೇ ಇರುತ್ತದೆ. ತೌಡಿನಲ್ಲಿ ಐದನೇ ಒಂದು ಭಾಗ ತೆಗೆದು ಅಷ್ಟೇ ಗೋಧಿ ಬೂಸಾ ಸೇರಿಸಿ. ಉಗುರುಬೆಚ್ಚಗಿನ ನೀರಿನಲ್ಲಿ ಮುದ್ದೆಯಾಗುವಷ್ಟು ಕಲಸಿ, ಒಂದು ಲೋಟ ಹುಳಿ ಮಜ್ಜಿಗೆ ಹಾಕಿ, ಮುಚ್ಚಿ ರಾತ್ರಿ ಇಡಿ. ಬೆಳಗ್ಗೆ ದೋಸೆ ಹಿಟ್ಟಿನ ಹುಳಿ ವಾಸನೆ ಬಂದರೆ ಸರಿಯಾಗಿದೆ. ಕೊಳೆತ ನಾತ ಬಂದರೆ ಗೊಬ್ಬರದ ಗುಂಡಿಗೆ ಹಾಕಿ. ಬಿಸಿ ನೀರು ಸುರಿಯಬೇಡಿ, ಕಿಣ್ವ ಹೋಗುತ್ತದೆ. ಇದನ್ನು ಮಾಡಿದರೂ ಎಂಸಿಪಿ ಪೂರ್ತಿ ನಿಲ್ಲಿಸಬೇಡಿ. ಒಂದೂವರೆ ಕೆಜಿ ಇದ್ದದ್ದನ್ನು ಒಂದಕ್ಕೆ ಇಳಿಸಿ ನೋಡಿ.

ಬೆರೆಸುವುದು

ಖರ್ಚು ಮಾಡಿದ್ದೆಲ್ಲ ಹಾಳಾಗುವುದು ಈ ಹಂತದಲ್ಲೇ. ಎಂಸಿಪಿ ನೀರಿನಲ್ಲಿ ಕರಗುತ್ತದೆ. ಮೀನಿಗೆ ಅದು ದಕ್ಕುವುದಕ್ಕೂ ಅದೇ ಕಾರಣ, ನೀರಿನ ಪಾಲಾಗುವುದಕ್ಕೂ ಅದೇ ಕಾರಣ. ಪುಡಿಯನ್ನು ತೌಡಿಗೆ ಬೆರೆಸಿ ಹಾಗೇ ಎರಚಿದರೆ ಪಾಚಿಗೆ ಹಬ್ಬ.

ಲಘು ಖನಿಜ ಮಿಶ್ರಣವನ್ನು ಮೊದಲು ಒಂದು ಕೆಜಿ ಒಣ ತೌಡಿನ ಜೊತೆ ಬಕೆಟ್ಟಿನಲ್ಲಿ ಚೆನ್ನಾಗಿ ಕಲಸಿ. ಅದನ್ನು ಐದು ಕೆಜಿ ತೌಡಿಗೆ, ಆಮೇಲೆ ಇಪ್ಪತ್ತು ಕೆಜಿಗೆ, ಕೊನೆಗೆ ಉಳಿದದ್ದಕ್ಕೆ. ಮೂರು ಗ್ರಾಂ ಸತುವನ್ನು ನೇರವಾಗಿ 100 ಕೆಜಿ ರಾಶಿಗೆ ಎಸೆದರೆ ಕೆಲವು ಉಂಡೆಗಳಿಗೆ ವಿಪರೀತ, ಉಳಿದವಕ್ಕೆ ಸೊನ್ನೆ. ಎಂಸಿಪಿ, ಉಪ್ಪನ್ನೂ ಒಣಗಿರುವಾಗಲೇ ಸೇರಿಸಿ.

ಆಮೇಲೆ ಲೆಕ್ಕದಲ್ಲಿ ಹೇಳಿದ ಹತ್ತು ಕೆಜಿ ರಾಗಿ ಅಥವಾ ಮೆಕ್ಕೆಜೋಳದ ಹಿಟ್ಟನ್ನು ಗಟ್ಟಿ ಅಂಬಲಿ ಕಾಯಿಸಿ, ಆರಿದ ಮೇಲೆ ಅದರಿಂದ ಎಲ್ಲವನ್ನೂ ಕಲಸಿ. ನೆನೆಸಿದ ತೌಡು ಇದ್ದರೆ ಈಗ ಹಾಕಿ. ಕೈಯಲ್ಲಿ ಒತ್ತಿದರೆ ಉಂಡೆ ನಿಲ್ಲಬೇಕು, ನೀರು ಸೋರಬಾರದು. ಶಾವಿಗೆ ಒತ್ತಿನಂಥ ಯಂತ್ರವಿದ್ದರೆ ಎಳೆ ಒತ್ತಿ ನೆರಳಲ್ಲಿ ಒಣಗಿಸಿ. ಇಲ್ಲದಿದ್ದರೆ ಉಂಡೆಯೇ ಸಾಕು.

ಒಂದು ಉಂಡೆಯನ್ನು ಬಕೆಟ್ ನೀರಿಗೆ ಬಿಡಿ. ಹದಿನೈದು ನಿಮಿಷ ಒಡೆಯದೆ ಇರಬೇಕು. ಬೇಗ ಕರಗಿದರೆ ಅಂಬಲಿ ಸಾಲದು ಎಂದರ್ಥ. ಆಂಧ್ರದ ಹಾಗೆ ತೂತಿನ ಚೀಲ ಕಟ್ಟಿ ಮೇವು ಕೊಡುವವರು ಪುಡಿಯ ಬದಲು ಇದೇ ಉಂಡೆಗಳನ್ನು ಚೀಲಕ್ಕೆ ತುಂಬಿ.

ಹಸಿ ಆಹಾರವನ್ನು ಅಂದಂದೇ ಖರ್ಚು ಮಾಡಿ. ಒಣ ಆಹಾರವನ್ನೂ ಬಹಳ ದಿನ ಇಡಬೇಡಿ. ಕಬ್ಬಿಣ, ತಾಮ್ರ ಸೇರಿದ ತೌಡು ಬೇಗ ಮುಗ್ಗುತ್ತದೆ. ವಿಟಮಿನ್ ಪುಡಿ ಹಾಕುವವರು ಅದನ್ನು ಖನಿಜದ ಜೊತೆ ಮೊದಲೇ ಬೆರೆಸಿಡಬಾರದು. ಕೊನೆಯಲ್ಲಿ, ಕೊಡುವ ದಿನವೇ ಸೇರಿಸಿ. ವಿಟಮಿನ್ ಸಿ ತಾಮ್ರದ ಜೊತೆ ಉಳಿಯುವುದಿಲ್ಲ.

ಕೊಡುವುದು

ಮೀನಿನ ಒಟ್ಟು ತೂಕದ 2ರಿಂದ 3% ದಿನಕ್ಕೆ. 300 ಗ್ರಾಂನ ಸಾವಿರ ಮೀನಿದ್ದರೆ 300 ಕೆಜಿ, 2.5% ಅಂದರೆ ಏಳೂವರೆ ಕೆಜಿ ಆಹಾರ. ಅದರಲ್ಲಿ ಎಂಸಿಪಿ 110 ಗ್ರಾಂ ಚಿಲ್ಲರೆ. ಬೆಳಗ್ಗೆ ಬಿಸಿಲೇರಿದ ಮೇಲೆ ಒಂದು ಸಲ, ಮಧ್ಯಾಹ್ನ ಇನ್ನೊಂದು ಸಲ, ಅದೇ ಜಾಗದಲ್ಲಿ, ಬುಟ್ಟಿ ಅಥವಾ ತಟ್ಟೆ ಇಳಿಬಿಟ್ಟು ಕೊಡಿ. ಎರಡು ಗಂಟೆ ಬಿಟ್ಟು ತಟ್ಟೆ ಎತ್ತಿ ನೋಡಿ. ಉಳಿದಿದ್ದರೆ ಮರುದಿನ ಕಡಿಮೆ ಮಾಡಿ. ಮೋಡ ಕವಿದ ದಿನ, ಮೀನು ಬೆಳಗ್ಗೆ ಮೇಲೆ ಬಂದು ಬಾಯಿ ತೆರೆಯುತ್ತಿದ್ದ ದಿನ ಆಹಾರವೇ ಬೇಡ.

ನೀರಿನ ಬಣ್ಣ ಗಮನಿಸುತ್ತಿರಿ. ಮೊಣಕೈವರೆಗೆ ಕೈ ಇಳಿಸಿದಾಗ ಅಂಗೈ ಮಬ್ಬಾಗಿ ಕಾಣಬೇಕು. ಮಣಿಕಟ್ಟು ಮುಳುಗುವಷ್ಟರಲ್ಲೇ ಬೆರಳು ಮಾಯವಾದರೆ ರಂಜಕ ನೀರಿಗೆ ಸೋರುತ್ತಿದೆ ಎಂದು ಅನುಮಾನಿಸಿ. ಪಾಚಿ ಏರಿದರೆ ನಸುಕಿನಲ್ಲಿ ಆಮ್ಲಜನಕ ಕುಸಿಯುತ್ತದೆ. ಆಗ ಖನಿಜ ನಿಲ್ಲಿಸಿ, ಆಹಾರ ಅರ್ಧಕ್ಕಿಳಿಸಿ.

ಉಪಯೋಗವಾಯಿತಾ? ಅಳತೆ ಮಾಡಿ

ಸುಮ್ನೆ ನೋಡಿ "ಮೀನು ಚುರುಕಾಗಿದೆ" ಎಂದರೆ ಆಗಲಿಲ್ಲ. ಒಂದೇ ಹೊಂಡದಲ್ಲಿ ನಾಲ್ಕು ಬಲೆ ಪಂಜರ ಕಟ್ಟಿ. ಎಲ್ಲಕ್ಕೂ ಒಂದೇ ಗಾತ್ರದ, ಒಂದೇ ಜಾತಿಯ ಮರಿ ಇಪ್ಪತ್ತಿಪ್ಪತ್ತು. ಎರಡಕ್ಕೆ ಖನಿಜದ ಆಹಾರ, ಎರಡಕ್ಕೆ ಮಾಮೂಲಿ. ಐವತ್ತು ಗ್ರಾಂನ ಮರಿಯಾದರೆ ಒಳ್ಳೆಯದು, ಬೇಗ ಬೆಳೆಯುವ ವಯಸ್ಸಿನಲ್ಲೇ ಕೊರತೆ ಬೇಗ ಕಾಣುವುದು. ಎರಡರಿಂದ ಮೂರು ತಿಂಗಳು ಸಾಕು.

ತಿಂಗಳಿಗೊಮ್ಮೆ ತೂಕ, ಉದ್ದ ಎರಡೂ ಬರೆದುಕೊಳ್ಳಿ. ತೂಕವನ್ನು 100ರಿಂದ ಗುಣಿಸಿ, ಉದ್ದದ ಘನದಿಂದ ಭಾಗಿಸಿ. 25 ಸೆಂ.ಮೀ. ರೋಹು 190 ಗ್ರಾಂ ಇದ್ದರೆ 19,000 ಭಾಗಿಸು 15,625, ಅಂದರೆ 1.2. ಇದು ಮೈ ತುಂಬಿಕೊಂಡ ಅಳತೆ. ರೋಹುವನ್ನು ರೋಹು ಜೊತೆಗೇ ಹೋಲಿಸಿ, ಕಾಟ್ಲಾದ ಮೈಕಟ್ಟೇ ಬೇರೆ. ಈ ಅಂಕಿ ಒಂದನ್ನೇ ನಂಬಬೇಡಿ. ಕೊಬ್ಬಿದ ಮೀನಿನಲ್ಲೂ, ಬೆನ್ನೆಲುಬು ಕುಗ್ಗಿದ ಮೀನಿನಲ್ಲೂ ಅದು ಹೆಚ್ಚಾಗಿಯೇ ಬರುತ್ತದೆ.

ಅದಕ್ಕೇ ಕೊನೆಯಲ್ಲಿ ಪ್ರತಿ ಪಂಜರದಿಂದ ಐದು ಮೀನು ಕುಯ್ದು ನೋಡಿ. ಕರುಳಿನ ಸುತ್ತಲಿನ ಕೊಬ್ಬನ್ನು ಬಿಡಿಸಿ ತೂಗಿ, ಮೀನಿನ ತೂಕಕ್ಕೆ ಶೇಕಡಾ ಎಷ್ಟು ಎಂದು ಲೆಕ್ಕ ಹಾಕಿ. 200 ಗ್ರಾಂ ಮೀನಿನಲ್ಲಿ 4 ಗ್ರಾಂ ಇದ್ದರೆ 2%. ರಂಜಕ ಸಾಲದಿದ್ದ ಮೀನಿಗೂ ಸಾಕಾದ ಮೀನಿಗೂ ವ್ಯತ್ಯಾಸ ತೂಕಕ್ಕಿಂತ ಇಲ್ಲೇ ಸ್ಪಷ್ಟವಾಗಿ ಕಾಣಬಹುದು. ಪಕ್ಕೆಲುಬು ಬಗ್ಗಿಸಿ ನೋಡಿ. ಗಟ್ಟಿ ಮೂಳೆ ಟಪ್ಪನೆ ಮುರಿಯುತ್ತದೆ, ಬಡಕಲು ಮೂಳೆ ಬಾಗುತ್ತದೆ. ಹಣ ಕೊಟ್ಟು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸುವುದಾದರೆ ಇಡೀ ಮೀನಿನ ನೀರಿನಂಶ, ಪ್ರೋಟೀನ್, ಕೊಬ್ಬು, ಬೂದಿ ನಾಲ್ಕನ್ನೂ ಕೇಳಿ. ಬೂದಿ ಅಂದರೆ ಖನಿಜ. ಕೊಬ್ಬು ಏರಿದಷ್ಟು ನೀರಿನಂಶ ಇಳಿಯುತ್ತದೆ, ಹಾಗಾಗಿ ಒಂದನ್ನೇ ನೋಡಿದರೆ ಮೋಸ ಹೋಗುತ್ತೀರಿ.

ರೋಗಲಕ್ಷಣ ನೋಡಿ ಖನಿಜದ ಮೇಲೆ ತಪ್ಪು ಹೊರಿಸುವಾಗ ಎಚ್ಚರ. ರಂಜಕದ ಕೊರತೆಯಲ್ಲಿ ತಲೆಬುರುಡೆ, ಬೆನ್ನೆಲುಬು ಸೊಟ್ಟಗಾಗುವುದು ನಿಜ. ಆದರೆ ವಿಟಮಿನ್ ಸಿ ಇಲ್ಲದಿದ್ದರೂ, ಒಂದೇ ವಂಶದ ಮೀನುಗಳಿಂದ ಮತ್ತೆ ಮತ್ತೆ ಮರಿ ಮಾಡಿದರೂ ಬೆನ್ನು ಸೊಟ್ಟಗಾಗುತ್ತದೆ. ಸತು ಸಾಲದಿದ್ದರೆ ಕಣ್ಣಿನಲ್ಲಿ ಪೊರೆ ಬರುತ್ತದೆ, ರೆಕ್ಕೆ ಸವೆಯುತ್ತದೆ. ಕಣ್ಣಿಗೆ ಹೊಕ್ಕ ಪರಾವಲಂಬಿ ಹುಳುವಿನಿಂದಲೂ ಪೊರೆ ಬರುತ್ತದೆ. ಹತ್ತರಲ್ಲಿ ಒಂದು ಮೀನಿಗೆ ಹೀಗಾದರೆ ಮರಿ ತಂದ ಕಡೆ ವಿಚಾರಿಸಿ. ಎಲ್ಲ ಜಾತಿಗಳಲ್ಲೂ, ಅರ್ಧಕ್ಕರ್ಧ ಮೀನಿಗೆ ಆದರೆ ಆಹಾರ ನೋಡಿ.

ಮೂರು ತಿಂಗಳ ಮೇಲೆ ನಾಲ್ಕು ಪಂಜರಗಳ ನಡುವೆ ತೂಕದಲ್ಲೂ ಕೊಬ್ಬಿನಲ್ಲೂ ವ್ಯತ್ಯಾಸ ಕಾಣಲಿಲ್ಲ ಅಂದರೆ ನಿಮ್ಮ ಹೊಂಡದ ನೀರೇ ಬೇಕಾದದ್ದನ್ನು ಕೊಡುತ್ತಿದೆ. ಎಂಸಿಪಿ ನಿಲ್ಲಿಸಿ, ಉಪ್ಪು ಮಾತ್ರ ಮುಂದುವರಿಸಿ. ಉಳಿದ ದುಡ್ಡಿಗೆ ಇನ್ನೊಂದು ಚೀಲ ಒಳ್ಳೆಯ ಹಿಂಡಿ ತನ್ನಿ.